ಪ್ರತಿಕ್ರಿಯೆ: ಟೆಕ್ಸಾಸಿನ ಕೌಂಟಿಗಳಲ್ಲಿ ಮತದಾನದ ವಯಸ್ಸಿನವರ ಲೆಕ್ಕ

ಟೆಕ್ಸಾಸಿನ ಕಾಲಿನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 18 ತುಂಬಿದವರು ಇಷ್ಟೊಂದು ಇದ್ದರೂ ಮತದಾರರ ಪಟ್ಟಿ ಯಾಕೆ ಚಿಕ್ಕದು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಬಹಳ ಜನ ಇಲ್ಲೇ ಎಡವುತ್ತಾರೆ.

ಮತದಾನದ ವಯಸ್ಸಿನವರು ಬೇರೆ, ಮತದಾನದ ಹಕ್ಕಿರುವವರು ಬೇರೆ. ನಮ್ಮ ಮನೆಯನ್ನೇ ನೋಡಿ: ನಾನು, ನನ್ನ ಹೆಂಡತಿ ಇಬ್ಬರಿಗೂ ಗ್ರೀನ್ ಕಾರ್ಡ್, ಅಂದರೆ ಕಾಯಂ ಆಗಿ ಇರಬಹುದು, ಆದರೆ ಪ್ರಜೆಗಳಲ್ಲ. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು, ಇನ್ನೂ ಶಾಲೆಗೆ ಹೋಗುವವರು. ಜನಗಣತಿಯಲ್ಲಿ ನಾವು ನಾಲ್ಕು ಜನ, ಮತದಾನದ ವಯಸ್ಸಿನವರು ಇಬ್ಬರು, ಮತ ಹಾಕಬಲ್ಲವರು ಸೊನ್ನೆ! ಕಾಲಿನ್‌ನ ಪ್ಲೇನೋ, ಫ್ರಿಸ್ಕೋ ಊರುಗಳ ಕಡೆ ಇಂಥ ಮನೆಗಳು ಬೀದಿಗೆ ನಾಲ್ಕು ಸಿಗುತ್ತವೆ.

ಇನ್ನು ವಯಸ್ಸಿನದೇ ವ್ಯತ್ಯಾಸ. ಮೆಕ್ಸಿಕೊ ಗಡಿಯಂಚಿನ ಹಿಡಾಲ್ಗೊ ಕೌಂಟಿಯಲ್ಲಿ ಮಕ್ಕಳು ಜಾಸ್ತಿ, ಹಾಗಾಗಿ 18 ಮೀರಿದವರ ಪಾಲು ಕಡಿಮೆ. ನಿವೃತ್ತರು ಸರೋವರದ ದಡಕ್ಕೆ ಬಂದು ನೆಲೆಸುವ ಲ್ಯಾನೋದಲ್ಲಿ ಇದು ತಿರುಗುಮುರುಗು. ಒಟ್ಟು ಗಾತ್ರವಂತೂ ಕೇಳಲೇಬೇಡಿ: 254 ಕೌಂಟಿಗಳಿವೆ, 2020ರಲ್ಲಿ ಹ್ಯಾರಿಸ್‌ನಲ್ಲಿ 47 ಲಕ್ಷ ಜನ, ಲವಿಂಗ್‌ನಲ್ಲಿ ಬರೀ 64.

ಯಾರನ್ನು ಎಣಿಸಬೇಕು ಅನ್ನುವ ಜಗಳ ಟೆಕ್ಸಾಸಿನಿಂದ ಅಮೆರಿಕದ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಕ್ಷೇತ್ರ ವಿಂಗಡಣೆಗೆ ಮತದಾರರನ್ನಷ್ಟೇ ಎಣಿಸಿ ಅಂತ ಅರ್ಜಿದಾರರ ವಾದ. ಒಟ್ಟು ಜನಸಂಖ್ಯೆ ಹಿಡಿದು ವಿಂಗಡಿಸಿದ್ದರಲ್ಲಿ ತಪ್ಪಿಲ್ಲ ಅಂತ 2016ರಲ್ಲಿ ತೀರ್ಪು ಬಂತು. ನನಗೆ ಅದು ಸರಿ ಅನಿಸುತ್ತದೆ. ಮತವಿಲ್ಲದ ನನ್ನ ಮಕ್ಕಳಿಗೂ ರಸ್ತೆ, ಶಾಲೆ ಬೇಕಲ್ಲ.

ನೀವು ಮತದಾರರ ಪಟ್ಟಿಯ ಜೊತೆ ಹೋಲಿಸುವಾಗ ಜನಗಣತಿ ಇಲಾಖೆಯ ಕೋಷ್ಟಕದಲ್ಲಿ 'ವಯಸ್ಕ ಪ್ರಜೆಗಳು' ಅನ್ನುವ ಅಂಕಣ ತೆಗೆದುಕೊಳ್ಳಿ. ಅದು ಮಾದರಿ ಸಮೀಕ್ಷೆಯ ಅಂದಾಜು, ಸಣ್ಣ ಕೌಂಟಿಗಳಲ್ಲಿ ಪಕ್ಕದಲ್ಲೇ ಕೊಟ್ಟಿರುವ ದೋಷದ ಮಿತಿಯನ್ನೂ (ಅಂದಾಜು ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದನ್ನು) ನೋಡಿ.