ಹಾಬ್ಸನ್ನನ ಲಾಯದ ಕುದುರೆ

ಪ್ರಶ್ನೆ: ‘ಎರಡೂ ಪಕ್ಷಗಳು ಬೇಡವೆನಿಸಿದರೂ ಮತದಾರ ಒಂದನ್ನು ಆರಿಸಲೇಬೇಕು, ಇದು ಹಾಬ್ಸನ್ಸ್ ಚಾಯ್ಸ್’ ಎಂದು ಇಂಗ್ಲಿಷ್ ಲೇಖನವೊಂದರಲ್ಲಿ ಓದಿದೆ. ಈ ನುಡಿಗಟ್ಟಿನ ಅರ್ಥವೇನು? ಇಲ್ಲಿ ಅದರ ಬಳಕೆ ಸರಿಯೇ? ಈ ಹಾಬ್ಸನ್ ಯಾರು?

ಉತ್ತರ: ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಇಲ್ಲವೇ ಬರಿಗೈಯಲ್ಲಿ ಹೋಗಬೇಕು ಎಂಬಂಥ ಪರಿಸ್ಥಿತಿಗೆ ‘ಹಾಬ್ಸನ್ಸ್ ಚಾಯ್ಸ್’ ಎನ್ನುತ್ತಾರೆ. ಮೇಲ್ನೋಟಕ್ಕೆ ಆಯ್ಕೆಯ ಅವಕಾಶವಿದ್ದಂತೆ ಕಂಡರೂ ಎದುರಿಗಿರುವುದು ಒಂದೇ ವಸ್ತು.

ಥಾಮಸ್ ಹಾಬ್ಸನ್ ನಿಜವಾಗಿಯೂ ಬದುಕಿದ್ದ ವ್ಯಕ್ತಿ. ಹದಿನಾರನೆಯ ಶತಮಾನದ ಉತ್ತರಾರ್ಧದಿಂದ ಹದಿನೇಳನೆಯ ಶತಮಾನದ ಮೊದಲ ದಶಕಗಳವರೆಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದುಕೊಂಡು, ಅಲ್ಲಿಂದ ಲಂಡನ್ನಿಗೆ ಪತ್ರಗಳನ್ನೂ ಸರಕುಗಳನ್ನೂ ಗಾಡಿಯಲ್ಲಿ ಸಾಗಿಸುತ್ತಿದ್ದ ಆತ, ಜೊತೆಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಸವಾರಿಯ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. 1712ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆ ಆತನ ವ್ಯವಹಾರವನ್ನು ಸವಿಸ್ತಾರವಾಗಿ ವರ್ಣಿಸಿತು. ಆತನ ಲಾಯದಲ್ಲಿ ನಲವತ್ತು ಕುದುರೆಗಳು ಸದಾ ಪ್ರಯಾಣಕ್ಕೆ ಸಿದ್ಧವಾಗಿರುತ್ತಿದ್ದವು. ಸವಾರನಿಗೆ ಬೇಕಾದ ಬೂಟು, ಕಡಿವಾಣ, ಚಾವಟಿಗಳೂ ಅಲ್ಲೇ ಸಿಗುತ್ತಿದ್ದವು. ಆದರೆ ಕುದುರೆ ಕೇಳಿ ಬಂದವನನ್ನು ಲಾಯದೊಳಗೆ ಕರೆದೊಯ್ದು ಅಷ್ಟನ್ನೂ ತೋರಿಸಿದ ಮೇಲೂ, ಬಾಗಿಲಿಗೆ ತೀರ ಹತ್ತಿರ ನಿಂತಿರುವ ಕುದುರೆಯನ್ನೇ ಆತ ಒಯ್ಯಬೇಕೆಂಬುದು ಹಾಬ್ಸನ್ನನ ಕಟ್ಟಪ್ಪಣೆಯಾಗಿತ್ತು.

ಇದನ್ನು ಬರೀ ಮೊಂಡುತನವೆಂದು ತಿಳಿದರೆ ಆತನಿಗೆ ಅನ್ಯಾಯ ಮಾಡಿದಂತಾಗುತ್ತದೆ. ವಿದ್ಯಾರ್ಥಿಗಳು ಕುದುರೆಗಳನ್ನು ಮಿತಿಮೀರಿ ಓಡಿಸುತ್ತಿದ್ದರು. ಆಯ್ಕೆಯನ್ನು ಅವರಿಗೇ ಬಿಟ್ಟಿದ್ದರೆ ಚುರುಕಾದ ನಾಲ್ಕಾರು ಕುದುರೆಗಳು ದಿನವೂ ದಣಿದು ಸೊರಗುತ್ತಿದ್ದವು, ಉಳಿದವು ಕಟ್ಟಿದಲ್ಲೇ ಮೇವು ತಿನ್ನುತ್ತ ನಿಲ್ಲುತ್ತಿದ್ದವು. ಸರದಿಯ ಕ್ರಮದಿಂದ ಪ್ರತಿಯೊಂದು ಕುದುರೆಗೂ ದುಡಿಮೆ, ವಿಶ್ರಾಂತಿಗಳೆರಡೂ ಸಮನಾಗಿ ದೊರೆತವು. ಗಿರಾಕಿಗಳಲ್ಲೂ ಶ್ರೀಮಂತನಿಗೊಂದು, ಬಡವನಿಗೊಂದು ಎಂಬ ಭೇದ ಉಳಿಯಲಿಲ್ಲ. ಮಾತಾಡಲಾರದ ಪ್ರಾಣಿಗಳ ಪರವಾಗಿ ಹಣ ಕೊಡುವ ಗಿರಾಕಿಗೆ ‘ಆಗದು’ ಎಂದ ಈ ವ್ಯಾಪಾರಿಯ ಬಗ್ಗೆ ನನಗೆ ಬಹಳ ಗೌರವವಿದೆ.

ಹಾಬ್ಸನ್ ತೀರಿಕೊಂಡದ್ದು 1631ರ ಜನವರಿಯಲ್ಲಿ. ಪ್ಲೇಗಿನ ಕಾರಣದಿಂದ ಲಂಡನ್ನಿಗೆ ಗಾಡಿ ಹೊಡೆಯುವುದು ನಿಷಿದ್ಧವಾಗಿದ್ದ ಕಾಲವದು. ಆಗ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಕವಿ ಜಾನ್ ಮಿಲ್ಟನ್, ಸದಾ ಓಡಾಡಿಕೊಂಡಿದ್ದ ಮುದುಕನನ್ನು ಸುಮ್ಮನೆ ಕೂರಿಸಿದ್ದೇ ಆತನ ಸಾವಿಗೆ ಕಾರಣವಾಯಿತೆಂಬ ಕಲ್ಪನೆಯನ್ನಿಟ್ಟುಕೊಂಡು ಎರಡು ವಿನೋದ ಚರಮಗೀತೆಗಳನ್ನು ಬರೆದ. ಊರಿಗೆ ಶುದ್ಧ ನೀರು ತರಲು ನಿರ್ಮಿಸಿದ ಕಾಲುವೆಗೆ ಹಾಬ್ಸನ್ ನೆರವು ನೀಡಿದ್ದರಿಂದ ಅದು ಇಂದಿಗೂ ಆತನ ಹೆಸರಿನಲ್ಲೇ ಇದೆ. ನುಡಿಗಟ್ಟು ‘ಸ್ಪೆಕ್ಟೇಟರ್’ ಬರಹಕ್ಕಿಂತ ಹಳೆಯದು. ಕ್ವೇಕರ್ ಪಂಥದ ಸ್ಯಾಮ್ಯುಯೆಲ್ ಫಿಶರ್ 1660ರಲ್ಲೇ ಅದನ್ನು ‘ಇದು ಬೇಕೋ, ಏನೂ ಬೇಡವೋ’ ಎಂಬ ಅರ್ಥದಲ್ಲಿ ಬಳಸಿದ್ದಾನೆ.

ನೀವು ಉಲ್ಲೇಖಿಸಿದ ವಾಕ್ಯದಲ್ಲಿರುವುದು ಎರಡು ಅನಿಷ್ಟಗಳ ನಡುವಿನ ಸಂಕಟ. ನಮ್ಮಲ್ಲಿ ಅದಕ್ಕೆ ‘ಅತ್ತ ದರಿ, ಇತ್ತ ಪುಲಿ’ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ‘ಡಿಲೆಮಾ’ ಎನ್ನುತ್ತಾರೆ. ಇಂಥ ಬಳಕೆ ಈಚೆಗೆ ಇಂಗ್ಲಿಷ್ ಬಲ್ಲವರಲ್ಲೂ ಹಬ್ಬಿದೆಯಾದರೂ ಅದನ್ನು ಒಪ್ಪಲು ನನಗೆ ಮನಸ್ಸಿಲ್ಲ, ಏಕೆಂದರೆ ಹಾಬ್ಸನ್ನನ ಗಿರಾಕಿಯ ಮುಂದೆ ಎರಡು ಕುದುರೆಗಳು ಇರಲೇ ಇಲ್ಲ. ‘ಕಪ್ಪು ಬಣ್ಣವೇ ಆಗಿದ್ದರೆ ಗಿರಾಕಿ ಯಾವ ಬಣ್ಣದ ಕಾರನ್ನಾದರೂ ಪಡೆಯಬಹುದು’ ಎಂದು ತನ್ನ ಮಾಡೆಲ್ ಟಿ ಕಾರಿನ ಬಗ್ಗೆ ಹೆನ್ರಿ ಫೋರ್ಡ್ ಹೇಳಿದ ಮಾತು ಈ ನುಡಿಗಟ್ಟಿಗೆ ಸರಿಯಾಗಿ ಹೊಂದುತ್ತದೆ. ಕಣದಲ್ಲಿ ಒಬ್ಬನೇ ಅಭ್ಯರ್ಥಿಯಿದ್ದು, ಅವನಿಗೆ ಮತ ಹಾಕುವುದು ಅಥವಾ ಮನೆಯಲ್ಲೇ ಉಳಿಯುವುದು ಎಂದಾಗಿದ್ದರೆ ಆ ಲೇಖನದ ಬಳಕೆಯೂ ಸರಿಯಾಗುತ್ತಿತ್ತು.