ಅಜ್ಜನ ಪೆಟ್ಟಿಗೆಯ ಕಾಗದ ಓದುವ ಹುಡುಗಿಗೆ ಯಾವ ವಿಷಯ?

ಮಾನ್ಯ ಸಂಪಾದಕರೇ,
ನನ್ನ ಮಗಳು ಈ ವರ್ಷ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಬರೆದು ಎಂಟು ವಿಷಯಗಳಲ್ಲಿ ಎ ಪ್ಲಸ್, ಎರಡರಲ್ಲಿ ಎ ಗ್ರೇಡ್ ಪಡೆದಿದ್ದಾಳೆ. ಪ್ಲಸ್ ವನ್‌ಗೆ ಅಂದರೆ ಹನ್ನೊಂದನೆಯ ತರಗತಿಗೆ ಸಯನ್ಸ್ ಹಾಕಬೇಕೆಂದು ನಮ್ಮ ಆಸೆ. ಅವಳು ಹ್ಯುಮಾನಿಟೀಸ್ ಎಂದು ಹಟ ಹಿಡಿದಿದ್ದಾಳೆ. ರಜೆಯಿಡೀ ನನ್ನ ತಂದೆಯವರ ಪೆಟ್ಟಿಗೆಯಲ್ಲಿದ್ದ ಹಳೆಯ ಜಾಗದ ಕಾಗದಗಳನ್ನು ಓದುತ್ತಾ ಮೂಲಗೇಣಿ ಎಂದರೇನು, ಕುಮ್ಕಿ ಎಂದರೇನು ಎಂದು ಕೇಳುತ್ತಿರುತ್ತಾಳೆ. ಇಷ್ಟು ಮಾರ್ಕು ಬಂದ ಹುಡುಗಿಯನ್ನು ಹ್ಯುಮಾನಿಟೀಸಿಗೆ ಕಳಿಸುವುದೇ ಎಂದು ಬೆಂಗಳೂರಿನಲ್ಲಿರುವ ನನ್ನ ಭಾವನವರು ಕೇಳುತ್ತಾರೆ. ಸದ್ಯ ಮೊದಲ ಆಪ್ಶನ್ ಸಯನ್ಸ್ ಹಾಕಿ ನೋಡೋಣ ಎಂದುಕೊಂಡಿದ್ದೇವೆ. ದ್ವಿತೀಯ ಭಾಷೆಯಾಗಿ ಕನ್ನಡದ ಬದಲು ಬೇರೇನಾದರೂ ತೆಗೆದುಕೊಂಡರೆ ಮಾರ್ಕು ಸುಲಭ ಎಂದೂ ಕೆಲವರು ಹೇಳುತ್ತಾರೆ. ತಮ್ಮ ಅಭಿಪ್ರಾಯ ತಿಳಿಸಬೇಕು.
— ಬದಿಯಡ್ಕ ಸಮೀಪದ ಓದುಗರು

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ದೂರಿನಂತೆ ಹೇಳಿ ದಾಟಿಬಿಟ್ಟಿದ್ದೀರಿ. ಹದಿನೈದು–ಹದಿನಾರರ ಹುಡುಗಿಯೊಬ್ಬಳು ಯಾರೂ ಹೇಳದೆ, ಪರೀಕ್ಷೆಯ ಭಯವಿಲ್ಲದೆ, ಬೇಸಗೆಯ ರಜೆಯಲ್ಲಿ ಅಜ್ಜನ ಪೆಟ್ಟಿಗೆ ತೆರೆದು, ಮಾಸಿದ ಕಾಗದದ ಮೇಲೆ ಕೂಡಿಸಿ ಬರೆದ ಹಳೆಯ ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂರುವುದು ಸಣ್ಣ ಸಂಗತಿಯಲ್ಲ. ಯಾವ ವಿಷಯ ತೆಗೆದುಕೊಳ್ಳಲಿ ಎಂದು ಕೇಳುವ ಮಕ್ಕಳಿಗೆ ನಾನು ಯಾವಾಗಲೂ ಕೇಳುವ ಪ್ರಶ್ನೆ ಒಂದೇ: ಯಾರೂ ಹೇಳದಿದ್ದಾಗ ನೀನು ಏನು ಮಾಡುತ್ತೀ? ಹೆಚ್ಚಿನ ಮಕ್ಕಳಿಗೆ ಅದಕ್ಕೆ ಉತ್ತರ ಸಿಗುವುದಿಲ್ಲ. ನಿಮ್ಮ ಮಗಳ ಉತ್ತರ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದೆ.

ಸಯನ್ಸಿನ ಪರವಾಗಿ ಹೇಳಬೇಕಾದುದನ್ನು ಮೊದಲು ಹೇಳಿಬಿಡುತ್ತೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದದವರು ವೈದ್ಯಕೀಯ ಪ್ರವೇಶದ ನೀಟ್ ಬರೆಯುವಂತಿಲ್ಲ, ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಇಲ್ಲ. ಸಯನ್ಸ್ ಓದಿದವರು ಮುಂದೆ ಬಿ.ಎ.ಗೂ ಹೋಗಬಹುದು, ಹ್ಯುಮಾನಿಟೀಸ್ ಓದಿದವರು ಬಿ.ಎಸ್ಸಿ. ಭೌತಶಾಸ್ತ್ರಕ್ಕೆ ಬರಲಾರರು. ಬಾಗಿಲುಗಳನ್ನು ತೆರೆದಿಡಬೇಕು ಎನ್ನುವ ವಾದದಲ್ಲಿ ಈ ಮಟ್ಟಿಗೆ ಸತ್ಯವಿದೆ. ವಿಜ್ಞಾನದ ಬಗ್ಗೆ ನನಗೆ ಅಗೌರವವೂ ಇಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ, ಪಡ್ರೆಯ ಡಾ. ಮೋಹನ ಕುಮಾರರು ತಮ್ಮ ಬಳಿ ಬರುವ ರೋಗಿಗಳಲ್ಲಿ ಏನೋ ಅಸಹಜವಾದುದನ್ನು ಗುರುತಿಸದೇ ಹೋಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ಆದರೆ ಅದೇ ಊರಿನ ಶ್ರೀ ಪಡ್ರೆಯವರಂತಹ ಬರಹಗಾರರು ಅದನ್ನು ಬರೆದು ನಾಡಿನ ಮುಂದೆ ಇಟ್ಟಿರದಿದ್ದರೆ ವೈದ್ಯರೊಬ್ಬರ ಸಂಶಯ ಅವರ ಕ್ಲಿನಿಕ್ಕಿನ ಒಳಗೇ ಉಳಿಯುತ್ತಿತ್ತು ಎಂಬುದನ್ನೂ ನಾವು ಮರೆಯಬಾರದು.

ಈಗ ನನ್ನ ಮಾತು. ಬಾಗಿಲು ತೆರೆದಿಡುವುದಕ್ಕಾಗಿ ಮಗುವನ್ನು ಎರಡು ವರ್ಷ ಹೊಸ್ತಿಲಿನಲ್ಲೇ ನಿಲ್ಲಿಸಬೇಕೇ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ಪ್ಲಸ್ ಟು ಬರುವ ಮೊದಲು ಕೇರಳದಲ್ಲಿ ಪ್ರಿ ಡಿಗ್ರಿ ಇತ್ತು. ಗಣಿತದ್ದು ಫಸ್ಟ್ ಗ್ರೂಪ್, ಜೀವಶಾಸ್ತ್ರದ್ದು ಸೆಕೆಂಡ್ ಗ್ರೂಪ್, ಚರಿತ್ರೆ–ಅರ್ಥಶಾಸ್ತ್ರದ್ದು ಥರ್ಡ್ ಗ್ರೂಪ್, ವಾಣಿಜ್ಯದ್ದು ಫೋರ್ತ್ ಗ್ರೂಪ್. ನಾನು ಅರ್ಜಿಯಲ್ಲಿ ಥರ್ಡ್ ಗ್ರೂಪ್ ಎಂದು ಬರೆದಿದ್ದೆ. ಕಾಲೇಜಿನ ಕೌಂಟರಿನಲ್ಲಿದ್ದವರು ಅರ್ಜಿಯನ್ನೂ ಮಾರ್ಕಿನ ಪಟ್ಟಿಯನ್ನೂ ನೋಡಿ, "ಮಾರ್ಕು ಇದೆಯಲ್ಲ, ಮತ್ತೆ ಯಾಕೆ ಥರ್ಡ್ ಗ್ರೂಪ್?" ಎಂದು ನನ್ನ ತಂದೆಯವರನ್ನು ಕೇಳಿದರು. ತಂದೆಯವರು ಏನೂ ಹೇಳದೆ ಜೇಬಿನಿಂದ ಪೆನ್ನು ತೆಗೆದು, ನಾನು ಬರೆದುದರ ಮೇಲೆ ಗೆರೆ ಎಳೆದು, ಮೇಲೆ ಸೆಕೆಂಡ್ ಗ್ರೂಪ್ ಎಂದು ಬರೆದರು. ಆ ನೀಲಿ ಗೆರೆ ನನಗೆ ಇಂದಿಗೂ ಕಾಣುತ್ತದೆ. ಅವರು ಕೆಟ್ಟವರಾಗಿರಲಿಲ್ಲ, ನನ್ನ ಒಳ್ಳೆಯದನ್ನೇ ಬಯಸಿದ್ದರು. ನಾನು ಆ ಎರಡು ವರ್ಷ ಪಾಸಾದೆ, ಅಷ್ಟೆ. ಮೇಣದ ತಟ್ಟೆಯ ಮೇಲೆ ಮೊಳೆ ಹೊಡೆದಿಟ್ಟ ಕಪ್ಪೆಯ ಎದುರು ನಿಂತಾಗಲೆಲ್ಲ ಕೆಳಗಿನ ತರಗತಿಯಲ್ಲಿ ನಡೆಯುತ್ತಿದ್ದ ಚರಿತ್ರೆಯ ಪಾಠದ ಕಡೆಗೆ ನನ್ನ ಕಿವಿ ಇರುತ್ತಿತ್ತು. ಮಾರ್ಕು ಇದ್ದವರಿಗೆ ಸಯನ್ಸ್, ಇಲ್ಲದವರಿಗೆ ಉಳಿದದ್ದು ಎಂಬ ಆ ಕೌಂಟರಿನ ಲೆಕ್ಕ ಪ್ರಿ ಡಿಗ್ರಿಯ ಜೊತೆಗೆ ಹೋಗಬೇಕಿತ್ತು. ಹೋಗಲಿಲ್ಲ. ನಿಮ್ಮ ಪತ್ರದಲ್ಲೂ ಅದು "ಇಷ್ಟು ಮಾರ್ಕು ಬಂದ ಹುಡುಗಿಯನ್ನು" ಎಂಬ ಮಾತಾಗಿ ಬಂದಿದೆ. ಕೋಪಿಸಿಕೊಳ್ಳಬೇಡಿ, ಈ ಒಂದು ಮಾತಿಗಾಗಿ ನಿಮ್ಮನ್ನು ಸ್ವಲ್ಪ ಗದರಬೇಕೆನಿಸಿತು. ಚರಿತ್ರೆ ಓದುವುದಕ್ಕೂ ಒಳ್ಳೆಯ ತಲೆ ಬೇಕು.

ನಿಮ್ಮ ಮಗಳು ಓದುತ್ತಿರುವ ಕಾಗದಗಳ ಬೆಲೆ ನಿಮಗೆ ತಿಳಿದಿದೆಯೇ? 1956ರ ನವೆಂಬರ್ 1ರ ವರೆಗೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಆ ಕಾಲದ ಗೇಣಿ ಚೀಟು, ಕ್ರಯಪತ್ರ, ಪಾಲುಪಟ್ಟಿಗಳು ನಮ್ಮ ಮನೆಗಳಲ್ಲಿ ಕನ್ನಡದಲ್ಲೇ ಇವೆ. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯವರೊಬ್ಬರ ಜೊತೆ ಇಂತಹ ಒಂದು ಮೂಲಗೇಣಿ ಚೀಟು ಹಿಡಿದುಕೊಂಡು ಕಚೇರಿಯೊಂದಕ್ಕೆ ಹೋಗಿದ್ದೆ. ಎರಡು ಮನೆಗಳ ನಡುವಿನ ಗಡಿಯ ತಕರಾರು. ಅಲ್ಲಿದ್ದ ಅಧಿಕಾರಿ ತೆಂಕಣ ಜಿಲ್ಲೆಯಿಂದ ಬಂದವರು, ಸಜ್ಜನರು. ಕಾಗದವನ್ನು ಎರಡೂ ಬದಿ ತಿರುಗಿಸಿ ನೋಡಿ, ತಮಗೆ ಓದಲು ಬರುವುದಿಲ್ಲ, ಮಲಯಾಳಕ್ಕೆ ಅನುವಾದ ಮಾಡಿಸಿ ತನ್ನಿ ಎಂದರು. ಕಚೇರಿಯಲ್ಲಿ ಕನ್ನಡ ಬಲ್ಲ ಇಬ್ಬರಿದ್ದರು, ಅವರಿಗೆ ಅಚ್ಚಿನ ಅಕ್ಷರ ಬರುತ್ತಿತ್ತೇ ವಿನಾ ಈ ಕೂಡುಬರಹ ಬರುತ್ತಿರಲಿಲ್ಲ. ಮೂರು ವಾರ ಹುಡುಕಿ, ನಿವೃತ್ತ ಮಾಸ್ತರರೊಬ್ಬರ ಮನೆಗೆ ಹೋದೆವು. ಅವರು ಕನ್ನಡಕ ಏರಿಸಿ, ಸಾಲಿನ ಕೆಳಗೆ ತೋರುಬೆರಳು ಇಟ್ಟು, ಫಸಲಿ (ಹಳೆಯ ಕಂದಾಯ ವರ್ಷ) 1330 ಎಂಬುದನ್ನು ನೋಡಿದ ಕೂಡಲೇ "ಅದಕ್ಕೆ 590 ಕೂಡಿಸಿ, 1920ನೇ ಇಸವಿ" ಎಂದರು. ಬಳಿಕ ಚಕ್ಕುಬಂದಿಯ, ಅಂದರೆ ನಾಲ್ಕು ದಿಕ್ಕಿನ ಗಡಿಗಳ, ಸಾಲಿಗೆ ಬಂದು ನಿಂತರು. ಗಡಿಯೆಂದು ಕಾಗದ ಹೇಳುತ್ತಿದ್ದುದು ಗದ್ದೆಯ ಬಡಗು ಬದಿಯ ಕಟ್ಟಪುಣಿಯನ್ನು, ಅಂದರೆ ಬದುವನ್ನು. ಎರಡೂ ಮನೆಯವರು ಅದುವರೆಗೆ ನೀರಿನ ತೋಡನ್ನು ಹಿಡಿದುಕೊಂಡು ಜಗಳವಾಡುತ್ತಿದ್ದರು. ತಕರಾರು ಆ ವಾರವೇ ಮುಗಿಯಿತು. ಆ ಮಾಸ್ತರರು ಈಗ ಇಲ್ಲ. ಅವರ ಜಾಗದಲ್ಲಿ ಕುಳಿತು ಓದಬಲ್ಲವರು ನಮ್ಮ ಪಂಚಾಯತಿನಲ್ಲಿ ಯಾರಿದ್ದಾರೆ ಎಂದು ಲೆಕ್ಕ ಹಾಕಿದರೆ ನನಗೆ ಹೆದರಿಕೆಯಾಗುತ್ತದೆ. ನಿಮ್ಮ ಪತ್ರ ಓದಿ ನನಗಾದ ಸಂತೋಷಕ್ಕೆ ಕಾರಣ ಇದು.

ಹೊಟ್ಟೆಪಾಡಿನ ಪ್ರಶ್ನೆಯನ್ನು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಅದು ನಿಮ್ಮ ಮನಸ್ಸಿನಲ್ಲಿದೆ. ಹ್ಯುಮಾನಿಟೀಸ್ ಓದಿದವರು ಐದು ವರ್ಷದ ಕಾನೂನು ಪದವಿಗೆ ನೇರವಾಗಿ ಹೋಗಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪ್ರವೇಶಕ್ಕೆ ಬರೆಯುವ ಕ್ಲ್ಯಾಟ್ ಪರೀಕ್ಷೆ ಯಾವ ಗ್ರೂಪಿನಲ್ಲಿ ಓದಿದ್ದೀರಿ ಎಂದು ಕೇಳುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ 2022ರಿಂದ ನಡೆಯುತ್ತಿರುವ ಸಿಯುಇಟಿ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಸಿವಿಲ್ ಸರ್ವಿಸ್ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ, ಕನ್ನಡ ಸಾಹಿತ್ಯ ಐಚ್ಛಿಕ ವಿಷಯವಾಗಿಯೂ ಇದೆ. ಜಾಗದ ವಿಷಯ ಬಲ್ಲ, ಹಳೆಯ ಕನ್ನಡ ಕಾಗದ ಓದಬಲ್ಲ, ಮಲಯಾಳದಲ್ಲಿ ವಾದ ಮಾಡಬಲ್ಲ ವಕೀಲರೊಬ್ಬರು ಕಾಸರಗೋಡಿನಲ್ಲಿ ಕೆಲಸವಿಲ್ಲದೆ ಕೂರುವ ದಿನ ಬರಲಾರದು. ಕಾಮರ್ಸಿನ ವಿಚಾರ ನಿಮ್ಮ ಮನೆಯಲ್ಲಿ ಎದ್ದಿಲ್ಲವಾದ್ದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ.

ಒಂದು ಎಚ್ಚರಿಕೆಯ ಮಾತು. "ಸದ್ಯ ಮೊದಲ ಆಪ್ಶನ್ ಸಯನ್ಸ್ ಹಾಕಿ ನೋಡೋಣ" ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಏಕಜಾಲಕ (ಸಿಂಗಲ್ ವಿಂಡೋ) ಪ್ರವೇಶದಲ್ಲಿ ಶಾಲೆ ಮತ್ತು ವಿಷಯಗಳ ಜೋಡಣೆ ಎರಡೂ ಸೇರಿ ಒಂದು ಆಪ್ಶನ್ ಆಗುತ್ತದೆ. ಮೊದಲ ಆಪ್ಶನ್ ಸಿಕ್ಕಿದವರು ಅಲ್ಲೇ ಶುಲ್ಕ ಕಟ್ಟಿ ಸ್ಥಿರ ಪ್ರವೇಶ ಪಡೆಯಬೇಕು, ಪಡೆಯದಿದ್ದರೆ ಮುಂದಿನ ಅಲಾಟ್‌ಮೆಂಟಿನಿಂದ ಹೊರಗೆ. ಕೆಳಗಿನ ಆಪ್ಶನ್ ಸಿಕ್ಕಿದವರು ಮಾತ್ರ ತಾತ್ಕಾಲಿಕವಾಗಿ ಸೇರಿ, ಅದಕ್ಕಿಂತ ಮೇಲಿನದಕ್ಕಾಗಿ ಕಾಯಬಹುದು. ಎಂಟು ಎ ಪ್ಲಸ್ ಇರುವ ನಿಮ್ಮ ಮಗಳಿಗೆ ಮೊದಲ ಆಪ್ಶನ್ ಸಿಗುವ ಸಂಭವವೇ ಹೆಚ್ಚು. ಸುಮ್ಮನೆ ನೋಡೋಣವೆಂದು ಹಾಕಿದ್ದು ಅವಳ ಎರಡು ವರ್ಷಗಳಾಗಿಬಿಡುತ್ತದೆ. ಅರ್ಜಿ ತುಂಬುವಾಗ ಅವಳನ್ನೇ ಕಂಪ್ಯೂಟರಿನ ಎದುರು ಕೂರಿಸಿ, ನೀವು ಪಕ್ಕದಲ್ಲಿ ಕುಳಿತುಕೊಳ್ಳಿ. ಹ್ಯುಮಾನಿಟೀಸಿನಲ್ಲೇ ಹಲವು ಜೋಡಣೆಗಳಿವೆ, ಎಲ್ಲ ಶಾಲೆಗಳಲ್ಲಿ ಎಲ್ಲವೂ ಇಲ್ಲ. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಜೊತೆ ನಾಲ್ಕನೆಯದಾಗಿ ಭೂಗೋಳವೋ ಸಮಾಜಶಾಸ್ತ್ರವೋ ಎಂಬುದನ್ನು ಶಾಲೆಗೆ ಹೋಗಿ ವಿಚಾರಿಸಿ ನಿರ್ಧರಿಸಲಿ. ಜಾಗದ ಕಾಗದ, ಗಡಿ, ನಕ್ಷೆಗಳಲ್ಲಿ ಆಸಕ್ತಿ ಇರುವವಳಿಗೆ ಭೂಗೋಳ ಒದಗಿಬರುತ್ತದೆ ಎಂದು ನನ್ನ ಎಣಿಕೆ.

ಇನ್ನು ದ್ವಿತೀಯ ಭಾಷೆ. ಇಲ್ಲಿ ನನಗೆ ನಿಮ್ಮೊಡನೆ ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಬೇಕಾಗಿದೆ. ಮಾರ್ಕು ಸುಲಭ ಎಂಬ ಕಾರಣಕ್ಕೆ ಕನ್ನಡವನ್ನು ಬಿಡುವ ಮನೆಗಳನ್ನು ನಾನು ವರ್ಷ ವರ್ಷವೂ ಕಾಣುತ್ತಿದ್ದೇನೆ. ಒಂದು ಶಾಲೆಯಲ್ಲಿ ಕನ್ನಡ ತೆಗೆದುಕೊಳ್ಳುವ ಮಕ್ಕಳು ಕಡಿಮೆಯಾದರೆ ಪೀರಿಯಡ್ ಕಡಿಮೆ, ಪೀರಿಯಡ್ ಕಡಿಮೆಯಾದರೆ ಅಧ್ಯಾಪಕರ ಹುದ್ದೆಗೆ ಕುತ್ತು, ಹುದ್ದೆ ಹೋದ ಮೇಲೆ ಮುಂದಿನ ವರ್ಷ ಕನ್ನಡ ಬೇಕೆನ್ನುವ ಮಗುವಿಗೆ ಆ ಆಯ್ಕೆಯೇ ಇರುವುದಿಲ್ಲ. ನಿಮ್ಮ ಮಗಳ ಕಾಲಂ ಅವಳೊಬ್ಬಳದ್ದಲ್ಲ. ಮಲಯಾಳ ಬೇಡವೆಂದು ನಾನು ಎಂದೂ ಹೇಳಿಲ್ಲ. ಸಪ್ತಭಾಷೆಗಳ ಈ ನೆಲದಲ್ಲಿ ಹುಟ್ಟಿದ ಮಗು ಪೇಟೆಯಲ್ಲಿ, ಬಸ್ಸಿನಲ್ಲಿ, ಗೆಳತಿಯರ ನಡುವೆ ಅದನ್ನು ಕಲಿತೇ ಕಲಿಯುತ್ತದೆ, ಕಲಿಯಬೇಕು. ಆದರೆ ಹಳೆಯ ಕನ್ನಡ ಕಾಗದಗಳನ್ನು ಓದುವ ಉತ್ಸಾಹವಿರುವ ಹುಡುಗಿಗೆ ಕನ್ನಡದ ಪಾಠವನ್ನೇ ನಿಲ್ಲಿಸಿಬಿಡುವುದು ಯಾವ ನ್ಯಾಯ?

ನಮ್ಮ ಅಳಲು ಹಳೆಯದು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಅದು ಜಾರಿಗೆ ಬರಲಿಲ್ಲ. 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾಯ್ದೆ ಬಂದಾಗ ನಾವು ಬೀದಿಗಿಳಿದೆವು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗಲೆಲ್ಲ ಮಕ್ಕಳೇ ಶಾಲೆಯ ಗೇಟಿನ ಮುಂದೆ ಕುಳಿತರು. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ಆ ಬಲದ ಮೇಲೆ ನಾವು ಮನವಿಗಳನ್ನು ಬರೆಯುತ್ತಲೇ ಇದ್ದೇವೆ. ಇವೆಲ್ಲ ಬೇಕಾದ ಹೋರಾಟಗಳೇ, ನಾನೂ ಅವುಗಳಲ್ಲಿ ನಡೆದಿದ್ದೇನೆ. ಆದರೆ ಮೆರವಣಿಗೆಯಲ್ಲಿ ಘೋಷಣೆ ಕೂಗಿದ ಮನೆಯಲ್ಲೇ ಪ್ಲಸ್ ವನ್ ಅರ್ಜಿಯ ಭಾಷೆಯ ಕಾಲಮಿನಲ್ಲಿ ಕನ್ನಡ ಬಿಟ್ಟುಹೋಗಿರುವುದನ್ನು ಕಂಡಾಗ ನನಗೆ ಯಾರ ಮೇಲೆ ದೂರಬೇಕೆಂದು ತಿಳಿಯುವುದಿಲ್ಲ. ಆ ಕಾಲಂ ಯಾವ ಸರಕಾರದ ಕೈಯಲ್ಲೂ ಇರಲಿಲ್ಲ.

ನಿಮ್ಮ ಪಕ್ಕದ ಪೆರಡಾಲದ ಶಾಲೆಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಪಾಠ ಹೇಳಿದರು, ಗದ್ದೆಯನ್ನೂ ಮಾಡಿದರು, ಕವಿತೆಯನ್ನೂ ಬರೆದರು. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡುದರಿಂದ ಪದವಿ ಮುಗಿಸದೆ ಊರಿಗೆ ಮರಳಿದವರು. ಶಾಸನ, ಕಾಲನಿರ್ಣಯ, ಭಾಷೆಗಳ ವ್ಯಾಸಂಗವನ್ನು ಮನೆಯಲ್ಲೇ ಕುಳಿತು ಮುಂದುವರಿಸಿದ ಅವರಿಗೆ 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂಬ ಗೌರವ ನೀಡಿತು. ಇವರ ಹೆಸರಿನ ಸಭೆಗಳಿಗೆ ನೀವೂ ಬಂದಿರುತ್ತೀರಿ. ಅವರು ಪ್ರೀತಿಸಿದ ವಿಷಯಗಳನ್ನೇ ಪ್ರೀತಿಸುವ ಮಗು ನಮ್ಮ ಮನೆಯಲ್ಲಿ ಹುಟ್ಟಿದಾಗ ನಾವು ಯಾಕೆ ಗಾಬರಿಯಾಗಬೇಕು?

ಮುಂದೆ ಬರುವ ಕಷ್ಟವೊಂದನ್ನು ಮುಚ್ಚಿಡುವುದು ಸರಿಯಲ್ಲ. ಕನ್ನಡ ಮಾಧ್ಯಮದಿಂದ ಹೋದ ಮಕ್ಕಳಿಗೆ ಪ್ಲಸ್ ವನ್‌ನ ಮೊದಲ ತಿಂಗಳುಗಳು ಒಗ್ಗುವುದಿಲ್ಲ. ಪುಸ್ತಕ ಇಂಗ್ಲಿಷಿನದು, ಹಲವು ಕಡೆ ವಿವರಣೆ ಮಲಯಾಳದ್ದು. ಓಣಂ ಪರೀಕ್ಷೆಯಲ್ಲಿ ಮಾರ್ಕು ಇಳಿದರೆ "ನಾನು ಆಗಲೇ ಹೇಳಿದ್ದೆ" ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಸಯನ್ಸಿಗೆ ಹೋಗಿದ್ದರೂ ಅದೇ ಕಷ್ಟ ಇರುತ್ತಿತ್ತು.

ಕೊನೆಗೆ ಅವಳ ಪ್ರಶ್ನೆಗೆ ಉತ್ತರ, ಇದನ್ನು ಅವಳಿಗೇ ಓದಿ ಹೇಳಿ. ಮೂಲಗೇಣಿ ಎಂದರೆ ತಲೆಮಾರಿನಿಂದ ತಲೆಮಾರಿಗೆ ಸಾಗುವ ಶಾಶ್ವತ ಗೇಣಿ, ಚಾಲಗೇಣಿ ಎಂದರೆ ಧನಿಗಳು ಬಿಡಿಸಬಹುದಾದ ಗೇಣಿ. ವರ್ಗ ಜಾಗಕ್ಕೆ, ಅಂದರೆ ಕೃಷಿಕನ ಪಟ್ಟೆ ಜಾಗಕ್ಕೆ, ತಾಗಿ ಸುಮಾರು 100 ಗಜದ ವರೆಗಿನ ಸರಕಾರಿ ಗುಡ್ಡದಲ್ಲಿ ಸೊಪ್ಪು, ಕಟ್ಟಿಗೆ ತರಲು, ದನ ಮೇಯಿಸಲು ಕೃಷಿಕನಿಗಿದ್ದ ಹಕ್ಕು ಕುಮ್ಕಿ. ಸಹಾಯ ಎಂಬ ಅರ್ಥದ ಪಾರಸಿ ಮಾತಿನಿಂದ ಬಂದ ಶಬ್ದ ಅದು. ಅಜ್ಜನ ಕಾಗದದಲ್ಲಿ ಚಕ್ಕುಬಂದಿ ಬರೆದಿರುವ ಸಾಲನ್ನು ಅವಳು ಹುಡುಕಲಿ. ಮೂಡು, ತೆಂಕು, ಪಡುವಣ, ಬಡಗು ಎಂದು ನಾಲ್ಕು ದಿಕ್ಕಿನ ಗಡಿಗಳೂ ಅಲ್ಲಿರುತ್ತವೆ. ಅವುಗಳಲ್ಲಿ ಈಗಲೂ ಸ್ಥಳದಲ್ಲಿ ಕಾಣಸಿಗುವವು ಯಾವುವು ಎಂದು ಒಂದು ಸಂಜೆ ನೀವಿಬ್ಬರೂ ನಡೆದು ನೋಡಿ. ಬಿಡಿಸಲಾಗದ ಅಕ್ಷರಗಳಿದ್ದರೆ ಆ ಸಾಲಿನ ಪ್ರತಿಯನ್ನು ನನಗೆ ಕಳುಹಿಸಲಿ.

— ಸಂಪಾದಕ