ಓದುಗರ ಪ್ರಶ್ನೆ: ಟಾಂಗಾ ಕುದುರೆಯ ತೂಕ ಮನೆಯಲ್ಲೇ ನೋಡೋದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ಟಾಂಗಾ ಓಡಿಸುತ್ತೇನೆ. ದಸರಾ ಸೀಸನ್ ಮುಗಿದ ಮೇಲೆ ಕುದುರೆ ಇಳಿದುಹೋಗಿದೆ ಅಂತ ನಮ್ಮ ಮನೆಯವರು ಹೇಳುತ್ತಾರೆ. ಹೊಟ್ಟೆ ನೋಡಿದರೆ ನನಗೇನೂ ಹಾಗನ್ನಿಸುವುದಿಲ್ಲ. ಕುದುರೆ ತೂಗುವ ಯಂತ್ರ ನಮ್ಮಂಥವರಿಗೆ ಎಲ್ಲಿ ಸಿಗಬೇಕು? ಮನೆಯಲ್ಲೇ ತಿಳಿಯುವ ದಾರಿ ಇದೆಯಾ?
(ಒಬ್ಬ ಓದುಗರು, ಮೈಸೂರು)

ಉತ್ತರ: ಇದೆ. ಆದರೆ ಮೊದಲು ಹೊಟ್ಟೆ ನೋಡುವುದನ್ನು ಬಿಡಿ. ಬರೀ ಭತ್ತದ ಹುಲ್ಲು ತಿನ್ನುವ ಕುದುರೆಗೆ ಹೊಟ್ಟೆ ಜೋತುಬಿದ್ದಿರುತ್ತದೆ, ಬೆನ್ನ ಮೇಲೆ ಮಾತ್ರ ಮಾಂಸ ಇರುವುದಿಲ್ಲ. ಒಳಗೆ ಹುಲ್ಲು ತುಂಬಿರುತ್ತದೆ ಅಷ್ಟೇ. ನಿಮ್ಮ ಮನೆಯವರು ಪಕ್ಕೆಲುಬು ನೋಡಿ ಹೇಳಿರಬೇಕು, ಅವರ ಮಾತೇ ಸರಿಯಿರಬಹುದು.

ತೂಕ ತಿಳಿಯಲು ಒಂದು ಹುರಿ ಸಾಕು. ದರ್ಜಿಯ ಟೇಪ್ 150 ಸೆಂಟಿಮೀಟರಿಗೆ ಮುಗಿದುಹೋಗುತ್ತದೆ, ಬಹಳಷ್ಟು ಕುದುರೆಗಳ ಎದೆಗೆ ಸಾಲುವುದಿಲ್ಲ. ಬಡಗಿಯ ಸ್ಟೀಲ್ ಟೇಪ್ ತಂದರೆ ಅದರ ಸದ್ದಿಗೇ ಕುದುರೆ ಬೆದರುತ್ತದೆ. ಹಾಗಾಗಿ ಹಿಗ್ಗದ ಹುರಿಯಲ್ಲಿ ಅಳೆದು, ಗುರುತು ಹಾಕಿ, ಆಮೇಲೆ ಅದನ್ನು ನೆಲದ ಮೇಲೆ ಚಾಚಿ ಟೇಪ್ ಹಿಡಿಯಿರಿ.

ಎರಡು ಅಳತೆ ಬೇಕು. ಒಂದು ಎದೆಯ ಸುತ್ತಳತೆ: ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬು ಇದೆಯಲ್ಲ, ಅದರ ಹಿಂದಿನಿಂದ ಇಳಿದು, ಮುಂಗಾಲಿನ ಮೊಣಕೈ ಹಿಂದೆ ಹಾದು, ಮತ್ತೆ ಅಲ್ಲಿಗೇ ಬರಬೇಕು. ಇನ್ನೊಂದು ಉದ್ದ: ಮುಂದೆ ಭುಜದ ಮೂಳೆಯ ತುದಿಯಿಂದ ಹಿಂದೆ ಬಾಲದ ಕೆಳಗೆ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯ ತುದಿವರೆಗೆ. ಕುದುರೆ ಸಮ ನೆಲದ ಮೇಲೆ ನಾಲ್ಕೂ ಕಾಲು ಸರಿಯಾಗಿ ಊರಿ ನಿಂತಿರಲಿ, ಉಸಿರು ಬಿಟ್ಟ ಕ್ಷಣದಲ್ಲಿ ಹುರಿ ಹಿಡಿಯಿರಿ, ತೀರಾ ಬಿಗಿಯಬೇಡಿ. ಉದ್ದ ಅಳೆಯಲು ಇನ್ನೊಬ್ಬರು ಬೇಕೇ ಬೇಕು.

ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಅಳತೆ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಕೆಜಿಯಲ್ಲಿ ಬರುತ್ತದೆ. ಸುತ್ತಳತೆ 160, ಉದ್ದ 140 ಅಂದುಕೊಳ್ಳಿ, ತೂಕ ಸುಮಾರು 302 ಕೆಜಿ. ಅದೇ ಸುತ್ತಳತೆ 162 ಅಂತ ಓದಿದಿರೋ, 309 ಆಗಿಬಿಡುತ್ತದೆ! ಎರಡು ಸೆಂಟಿಮೀಟರಿಗೆ ಏಳು ಕೆಜಿಗೂ ಜಾಸ್ತಿ. ಅದಕ್ಕೇ ಮೂರು ಸಲ ಅಳೆದು ಸರಾಸರಿ ತೆಗೆಯಿರಿ, ಪ್ರತಿ ಸಲವೂ ಅದೇ ಹುರಿ, ಅದೇ ಜಾಗ, ಸಾಧ್ಯವಾದರೆ ಅದೇ ಮನುಷ್ಯ, ಬೆಳಿಗ್ಗೆ ಮೇವು ನೀರು ಕೊಡುವ ಮುಂಚೆ. ಎರಡು ವಾರಕ್ಕೊಮ್ಮೆ ಕ್ಯಾಲೆಂಡರ್ ಮೇಲೆ ಬರೆದಿಡಿ. 302 ಅನ್ನುವುದು ನಿಜಕ್ಕೂ 302ಏ ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ರೀತಿ ಅಳೆದಾಗ 302, 296, 289 ಅಂತ ಇಳಿಯುತ್ತಾ ಬಂದರೆ ಕುದುರೆ ಸೊರಗುತ್ತಿದೆ ಅಂತಲೇ ಅರ್ಥ.

ನಿಜವಾದ ತೂಕವೇ ಬೇಕು ಅಂದರೆ ಲಾರಿ ತೂಗುವ ವೇ ಬ್ರಿಡ್ಜ್ ಇದೆಯಲ್ಲ! ಟೆಂಪೋದಲ್ಲಿ ಕುದುರೆ ಸಮೇತ ಒಮ್ಮೆ, ಕುದುರೆ ಇಳಿಸಿ ಒಮ್ಮೆ. ಡ್ರೈವರ್ ಎರಡು ಸಲವೂ ಒಳಗಿರಲಿ ಅಥವಾ ಎರಡು ಸಲವೂ ಹೊರಗಿರಲಿ, ಮಧ್ಯೆ ಡೀಸೆಲ್ ಹಾಕಿಸಬೇಡಿ. ಅಲ್ಲಿ 5 ಅಥವಾ 10 ಕೆಜಿ ಲೆಕ್ಕದಲ್ಲಿ ತೋರಿಸುವುದೇ ಹೆಚ್ಚು, ಆದರೂ ನಿಮ್ಮ ಹುರಿಯ ಲೆಕ್ಕ ಎಷ್ಟು ಆಚೀಚೆ ಇದೆ ಅಂತ ಒಮ್ಮೆ ತಿಳಿಯಲು ಒಳ್ಳೆಯದು.

ಜೊತೆಗೆ ಕೈಯಾಡಿಸಿ ನೋಡಿ. ಸರಿಯಾದ ಮೈಯಲ್ಲಿ ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸುಲಭವಾಗಿ ಸಿಗಬೇಕು. ಇದಕ್ಕೆ ಡಾಕ್ಟರುಗಳು 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿ ಇದೆ, 1983ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. 5 ಬಂದರೆ ಹದ. ಒತ್ತಿ ಹುಡುಕಿದರೂ ಪಕ್ಕೆಲುಬು ಸಿಗುತ್ತಿಲ್ಲ, ಕತ್ತಿನ ಮೇಲಿನ ಅಂಚು ದಪ್ಪಗಾಗಿ ಗಟ್ಟಿಯಾಗಿದೆ ಅಂದರೆ ಕೊಬ್ಬು ಜಾಸ್ತಿ. ಅಂಥ ಕುದುರೆಗೆ ಗೊರಸಿನ ಒಳಗೆ ಊತ ಬಂದು ಕಾಲೂರಲಾರದ ಸ್ಥಿತಿ ಬರಬಹುದು.

ಇಳಿದಿದೆ ಅಂತ ಖಚಿತವಾದರೆ ತಕ್ಷಣ ಹುರುಳಿ ಜಾಸ್ತಿ ಸುರಿಯಬೇಡಿ. ಮೊದಲು ಹಲ್ಲು ತೋರಿಸಿ. ಕುದುರೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತಿದ್ದರೆ ಬಾಯಿಂದ ಮೇವು ಉಂಡೆಯಾಗಿ ಉದುರುತ್ತದೆ. ಆಮೇಲೆ ಹೊಟ್ಟೆಹುಳು. ಬಿಟ್ಟುಬಿಟ್ಟು ಜ್ವರ, ಕಾಲು ಅಥವಾ ಹೊಟ್ಟೆಯಡಿ ಊತ ಇದ್ದರೆ ಮಾತ್ರ ಕಾಯಬೇಡಿ, ಕಚ್ಚುವ ನೊಣಗಳಿಂದ ಹರಡುವ ಸರ್ರಾ ಇರಬಹುದು, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಇದ್ಯಾವುದೂ ಅಲ್ಲ ಅಂದರೆ ಮೇವಿನ ಲೆಕ್ಕ: ದಿನಕ್ಕೆ ತೂಕದ ನೂರಕ್ಕೆ ಎರಡು ಪಾಲಿನಷ್ಟು ಒಣ ಲೆಕ್ಕದ ಮೇವು, ಅಂದರೆ 300 ಕೆಜಿ ಕುದುರೆಗೆ ಸುಮಾರು 6 ಕೆಜಿ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ, ಅದನ್ನು ಮರೆಯಬೇಡಿ. ಕೆಲಸ ಜಾಸ್ತಿ ಇದ್ದಾಗ ಇನ್ನೂ ಬೇಕು, ಆದರೆ ಏನೇ ಬದಲಾಯಿಸಿದರೂ ಹತ್ತು ದಿನವಾದರೂ ಸ್ವಲ್ಪ ಸ್ವಲ್ಪವೇ ಬದಲಾಯಿಸಿ.

ಪ್ರಶ್ನೆ: ಹುಳುವಿನ ಔಷಧಿಗೆ ತೂಕ ಯಾಕೆ ಕೇಳುತ್ತಾರೆ? ಅಂದಾಜಿನಲ್ಲಿ ಕೊಟ್ಟರೆ ಆಗಲ್ವಾ?
(ಒಬ್ಬ ಓದುಗರು, ಶ್ರೀರಂಗಪಟ್ಟಣ)

ಉತ್ತರ: ಆಗಲ್ಲ. ಕಣ್ಣಂದಾಜು ತಪ್ಪಿ ಔಷಧಿ ಕಡಿಮೆಯಾದರೆ ಹುಳು ಪೂರ್ತಿ ಸಾಯುವುದಿಲ್ಲ, ಉಳಿದವು ಔಷಧಿಗೆ ಬಗ್ಗದ ಸಂತತಿ ಬೆಳೆಸುತ್ತವೆ. ಐವರ್ಮೆಕ್ಟಿನ್ ಆದರೆ ಕೆಜಿಗೆ 0.2 ಮಿಲಿಗ್ರಾಂ, 300 ಕೆಜಿಗೆ 60 ಮಿಲಿಗ್ರಾಂ. ಬಾಯಿಗೆ ಹಾಕುವ ಪೇಸ್ಟಿನ ಸಿರಿಂಜ್ ಮೇಲೆ ತೂಕದ ಗುರುತುಗಳೇ ಇರುತ್ತವೆ. ದನಕ್ಕೆ ತಂದ ಇಂಜೆಕ್ಷನ್ ಉಳಿದಿದೆ ಅಂತ ಕುದುರೆಗೆ ಚುಚ್ಚಿಸಬೇಡಿ, ಚುಚ್ಚಿದ ಜಾಗ ಕೆಟ್ಟು ಪ್ರಾಣಕ್ಕೇ ಬರಬಹುದು.

ಪ್ರಶ್ನೆ: ಮರಿಗೂ ಗಬ್ಬದ ಕುದುರೆಗೂ ಇದೇ ಲೆಕ್ಕ ನಡೆಯುತ್ತಾ?
(ಒಬ್ಬ ಓದುಗರು, ಕುಣಿಗಲ್)

ಉತ್ತರ: ಇಲ್ಲ. 11,880 ಬೆಳೆದ ಕುದುರೆಗೆ ಮಾತ್ರ. ಗಬ್ಬದ ಕೊನೆಯ ತಿಂಗಳುಗಳಲ್ಲಿ ತೂಕ ಏರುವುದು ಹೊಟ್ಟೆಯಲ್ಲಿ, ಎದೆಯ ಹುರಿಗೆ ಅದು ಗೊತ್ತಾಗುವುದಿಲ್ಲ. ಅವಕ್ಕೆ ಪಕ್ಕೆಲುಬಿನ ಮೇಲೆ ಕೈಯಾಡಿಸಿ ನೋಡುತ್ತಿರಿ. ಮರಿ ಇನ್ನೂ ಚಿಕ್ಕದಿದ್ದರೆ ಅದನ್ನು ಎತ್ತಿಕೊಂಡು ಮೂಟೆ ತೂಗುವ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದುಬಿಡಿ. ತಾಯಿ ಕಣ್ಣೆದುರೇ ಮಾಡಿ, ಇಲ್ಲದಿದ್ದರೆ ಅದು ಗಾಬರಿಯಾಗುತ್ತದೆ.